ಪೆಟ್ಟಿಗೆಯ ವೈನಿಗೆ ಬಂದ ಮರ್ಯಾದೆ

ಬೇಸಿಗೆ ಎಂಬ ಹೆಸರು ಒಂದೇ ಆದರೂ ಅದು ದೇಶಕ್ಕೊಂದು ಬಗೆ. ನಮಗೆ ಅದು ಎಪ್ರಿಲ್, ಮೇ ತಿಂಗಳು. ವಿಷುವಿನ ಹೊತ್ತಿಗೆ ಶಾಲೆಗಳಿಗೆ ಬೀಗ ಬಿದ್ದಿರುತ್ತದೆ; ಅಜ್ಜನ ಮನೆಯಲ್ಲಿ ಮಕ್ಕಳ ದಂಡು ಸೇರಿರುತ್ತದೆ; ಅಂಗಳದ ತುಂಬ ಹಲಸಿನ ಹಪ್ಪಳ, ಮಾಂಬಳ. ಬಿಸಿಲಲ್ಲಿ ನಡೆದು ಬಂದವರಿಗೆ ಬೊಂಡವೋ ಪುನರ್ಪುಳಿ ಶರಬತ್ತೋ ಮಜ್ಜಿಗೆ ನೀರೋ ಸಿಗದೆ ಇರುವುದಿಲ್ಲ. ಸ್ವೀಡನ್ ದೇಶದವರಿಗೆ ಬೇಸಿಗೆ ಬರುವುದು ಜೂನ್ ತಿಂಗಳಲ್ಲಿ. ಆಸ್ಟ್ರೇಲಿಯದವರಿಗೆ ಕ್ರಿಸ್ಮಸ್ ಹಬ್ಬದ ಜತೆಯಲ್ಲೇ ಬೇಸಿಗೆ. ಅಲ್ಲಿಯೂ ರಜೆ, ಅಲ್ಲಿಯೂ ನೆಂಟರಿಷ್ಟರು, ಅಲ್ಲಿಯೂ ಮರದ ನೆರಳಿನ ಊಟ. ಆ ಊಟದ ಮೇಜಿನ ಮೂಲೆಯಲ್ಲಿ ಕೆಲವು ದಶಕಗಳಿಂದ ಒಂದು ರಟ್ಟಿನ ಪೆಟ್ಟಿಗೆ ಕಾಣಿಸಿಕೊಳ್ಳುತ್ತಿದೆ. ಪೆಟ್ಟಿಗೆಯ ಬುಡದಲ್ಲಿ ಒಂದು ಪುಟ್ಟ ನಲ್ಲಿ. ತಿರುಗಿಸಿದರೆ ಬರುವುದು ನೀರಲ್ಲ, ವೈನ್. ಅಂದರೆ ದ್ರಾಕ್ಷಿಯ ರಸವನ್ನು ಹುದುಗಿಸಿ ಮಾಡಿದ ಮದ್ಯ.

ಒಂದು ಕಾಲದಲ್ಲಿ ಈ ಪೆಟ್ಟಿಗೆಯನ್ನು ನೆಂಟರ ಎದುರು ತಂದಿಡಲು ಅಲ್ಲಿನವರು ನಾಚುತ್ತಿದ್ದರು. ಈಗ ನಾಚಿಕೆ ಹೋಗಿ ಮರ್ಯಾದೆ ಬಂದಿದೆ. ಇದು ಹೇಗಾಯಿತು, ಇದರಿಂದ ಯಾರಿಗೆ ಲಾಭ, ಯಾರಿಗೆ ಕೇಡು ಎಂಬುದು ಯೋಚಿಸತಕ್ಕ ವಿಷಯ. ಮದ್ಯದ ಮಾತು ನಮಗೇಕೆ ಎಂದು ಕೇಳುವವರೂ ಇದ್ದಾರೆ. ನಮ್ಮ ಮನೆಗಳ ಮಕ್ಕಳು ಇಂದು ಓದಿಗಾಗಿ, ಕೆಲಸಕ್ಕಾಗಿ ಆ ದೇಶಗಳಿಗೆ ಹೋಗಿ ಆ ಮೇಜಿನ ಸುತ್ತಲೇ ಕುಳಿತಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಚೀಲದ ಮದ್ಯ, ಕಾಗದದ ಪೊಟ್ಟಣದ ಮದ್ಯ ನಮ್ಮ ಗಡಿನಾಡಿಗೆ ಹೊಸತೂ ಅಲ್ಲ. ಹೀಗಿರುವುದರಿಂದ ವಿಷಯವನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ಆಮ್ಲದ ಚೀಲ, ವೈನಿನ ಚೀಲ

ಪೆಟ್ಟಿಗೆಯೊಳಗೆ ಚೀಲ ಇಡುವ ಉಪಾಯ ಹುಟ್ಟಿದ್ದು ಮದ್ಯಕ್ಕಾಗಿ ಅಲ್ಲ. ೧೯೫೫ರಲ್ಲಿ ಅಮೇರಿಕದ ವಿಲಿಯಂ ಶೋಲಿ ಎಂಬ ರಸಾಯನ ತಜ್ಞರು ಬ್ಯಾಟರಿಗೆ ಹಾಕುವ ಆಮ್ಲವನ್ನು ಅಪಾಯವಿಲ್ಲದೆ ಸಾಗಿಸುವುದಕ್ಕಾಗಿ ಇದನ್ನು ಕಂಡುಹಿಡಿದರು. ಗಾಜಿನ ಪಾತ್ರೆ ಒಡೆಯುತ್ತದೆ, ಲೋಹದ ಪಾತ್ರೆಯನ್ನು ಆಮ್ಲ ತಿನ್ನುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಈ ಎರಡು ತೊಂದರೆಯೂ ಇಲ್ಲ. ಚೀಲ ನಿಲ್ಲುವುದಿಲ್ಲ ಎಂಬುದಷ್ಟೇ ತೊಡಕು. ಆದ್ದರಿಂದ ಹೊರಗೊಂದು ಪೆಟ್ಟಿಗೆ.

ಇದೇ ಉಪಾಯವನ್ನು ವೈನಿಗೆ ಹೊಂದಿಸಿದವರು ದಕ್ಷಿಣ ಆಸ್ಟ್ರೇಲಿಯದ ರೆನ್‌ಮಾರ್ಕ್ ಎಂಬ ಊರಿನ ಥಾಮಸ್ ಆಂಗೋವ್. ವೈನ್ ತಯಾರಿಯೇ ಅವರ ಮನೆತನದ ಉದ್ಯೋಗ. ೧೯೬೫ರಲ್ಲಿ ಅವರು ಇದಕ್ಕೆ ಹಕ್ಕುಪತ್ರ ಪಡೆದರು. ಒಂದು ಗ್ಯಾಲನ್ ವೈನ್ ಹಿಡಿಯುವ ಚೀಲ. ಅದಕ್ಕೆ ಆಗ ನಲ್ಲಿ ಇರಲಿಲ್ಲ. ಚೀಲದ ಮೂಲೆಯನ್ನು ಕತ್ತರಿಸಿ ಬೇಕಾದಷ್ಟು ಬಗ್ಗಿಸಿಕೊಂಡು ಮತ್ತೆ ಒಂದು ಕ್ಲಿಪ್ಪು ಹಾಕಿ ಮುಚ್ಚಬೇಕಾಗಿತ್ತು. ಈ ಅನಾನುಕೂಲವನ್ನು ತಪ್ಪಿಸಿದ್ದು ೧೯೬೭ರಲ್ಲಿ. ಪೆನ್‌ಫೋಲ್ಡ್ಸ್ ಎಂಬ ವೈನ್ ಕಂಪೆನಿಯ ಜತೆ ಸೇರಿ ಚಾರ್ಲ್ಸ್ ಮಾಲ್ಪಾಸ್ ಎಂಬವರು ಗಾಳಿ ಒಳಹೋಗದ ಪ್ಲಾಸ್ಟಿಕ್ ನಲ್ಲಿಯನ್ನು ಚೀಲಕ್ಕೆ ಬೆಸೆದರು. ಇಂದಿಗೂ ಪೆಟ್ಟಿಗೆಯ ಪ್ರಾಣವೆಲ್ಲ ಆ ನಲ್ಲಿಯಲ್ಲೇ ಇದೆ.

ಪ್ರಾಣ ಎಂದದ್ದು ಏಕೆಂದರೆ, ವೈನಿಗೆ ಗಾಳಿಯೇ ಶತ್ರು. ನಮ್ಮ ಕಡೆಯ ಕಳ್ಳಿನ ವಿಷಯ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಇಳಿಸಿದ್ದು ಸಂಜೆಯೊಳಗೆ ಹುಳಿಯುತ್ತದೆ, ಬಿಟ್ಟರೆ ವಿನೆಗರ್ ಆಗುತ್ತದೆ. ವೈನಿನ ಬಾಟ್ಲಿಯ ಬಿರಡೆ ತೆಗೆದ ಮೇಲೆ ಆಗುವುದೂ ಇದೇ, ಸ್ವಲ್ಪ ನಿಧಾನವಾಗಿ ಅಷ್ಟೆ. ಬಾಟ್ಲಿಯಿಂದ ಒಂದು ಗ್ಲಾಸು ತೆಗೆದರೆ ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ಎರಡು ಮೂರು ದಿನಗಳಲ್ಲಿ ರುಚಿ ಕೆಡುತ್ತದೆ. ಚೀಲದಲ್ಲಿ ಹಾಗಿಲ್ಲ. ಒಳಗಿನದು ಖಾಲಿಯಾದ ಹಾಗೆ ಚೀಲವೇ ಕುಗ್ಗುತ್ತ ಬರುತ್ತದೆ. ಗಾಳಿಗೆ ಜಾಗವೇ ಉಳಿಯುವುದಿಲ್ಲ. ಆದಕಾರಣ ತೆರೆದ ಪೆಟ್ಟಿಗೆಯ ವೈನ್ ನಾಲ್ಕರಿಂದ ಆರು ವಾರ ಚೆನ್ನಾಗಿಯೇ ಇರುತ್ತದೆ. ಆದರೆ ವರ್ಷಗಟ್ಟಲೆ ಇಡಲು ಪೆಟ್ಟಿಗೆ ತಕ್ಕದ್ದಲ್ಲ. ಪ್ಲಾಸ್ಟಿಕ್ ಪದರದ ಮೂಲಕ ಗಾಳಿ ಅತಿ ನಿಧಾನವಾಗಿ ಒಳಸೇರುವುದರಿಂದ ತುಂಬಿಸಿದ ಒಂದು ವರ್ಷದ ಒಳಗೆ ಮುಗಿಸಬೇಕು. ಬಾಟ್ಲಿಯಲ್ಲಿ ಹತ್ತಾರು ವರ್ಷ ಮಾಗುವ ವೈನಿನ ಜಾತಿಯೇ ಬೇರೆ.

ನಗೆಪಾಟಲಿನಿಂದ ಗೌರವಕ್ಕೆ

ಆಸ್ಟ್ರೇಲಿಯದಲ್ಲಿ ಪೆಟ್ಟಿಗೆಯ ವೈನ್ ಮನೆಮನೆಗೆ ಬಂತು, ಆದರೆ ಗೌರವ ಬರಲಿಲ್ಲ. ಕಡಮೆ ದರ್ಜೆಯ ವೈನನ್ನೇ ಅದರಲ್ಲಿ ತುಂಬುತ್ತಿದ್ದುದು ಇದಕ್ಕೆ ಕಾರಣ. ಫ್ರಾನ್ಸಿನ ದೊಡ್ಡ ಮನೆತನದ ವೈನುಗಳಿಗೆ ‘ಶಾಟೋ’ ಎಂದು, ಅಂದರೆ ಬಂಗಲೆಯ ಹೆಸರು, ಸೇರಿಸುವ ವಾಡಿಕೆಯುಂಟು. ಅದನ್ನು ಅಣಕಿಸಿ ಇದನ್ನು ‘ಶಾಟೋ ಕಾರ್ಡ್‌ಬೋರ್ಡ್’ ಎಂದು ಕರೆದರು. ಕಾಲೇಜು ಹುಡುಗರು ಒಳಗಿನ ಬೆಳ್ಳಿ ಬಣ್ಣದ ಚೀಲಕ್ಕೆ ‘ಗೂನ್’ ಎಂದು ಹೆಸರಿಟ್ಟು, ಹಿತ್ತಿಲಿನ ತಿರುಗುವ ಬಟ್ಟೆಕಂಬಕ್ಕೆ ಕಟ್ಟಿ ಗಿರಿಗಿರಿ ತಿರುಗಿಸಿ, ಯಾರ ಎದುರು ನಿಲ್ಲುವುದೋ ಅವರು ಕುಡಿಯಬೇಕೆಂಬ ಆಟವನ್ನೂ ಕಟ್ಟಿದರು. ಇಂಥ ವಸ್ತುವಿಗೆ ಮರ್ಯಾದೆ ಎಲ್ಲಿಂದ ಬರಬೇಕು?

ಬಂದದ್ದು ಉತ್ತರ ಯುರೋಪಿನಿಂದ. ಸ್ವೀಡನ್ನಿನಲ್ಲಿ ಮದ್ಯದ ಚಿಲ್ಲರೆ ವ್ಯಾಪಾರ ಸರಕಾರದ ಕೈಯಲ್ಲಿದೆ. ನಮ್ಮ ರೇಷನ್ ಕಾರ್ಡಿನ ಹಾಗೆ ಅಲ್ಲಿ ೧೯೫೫ರ ವರೆಗೆ ಮದ್ಯಕ್ಕೂ ಒಂದು ಪಡಿತರ ಪುಸ್ತಕ ಇತ್ತು. ಅದನ್ನು ರದ್ದು ಮಾಡಿದ ವರ್ಷವೇ ‘ಸಿಸ್ಟೆಮ್‌ಬೊಲಾಗೆಟ್’ ಎಂಬ ಸರಕಾರೀ ಕಂಪೆನಿ ಹುಟ್ಟಿತು. ಇಂದು ಆ ಅಂಗಡಿಗಳಲ್ಲಿ ಮಾರಾಟವಾಗುವ ವೈನಿನ ಪೈಕಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಪೆಟ್ಟಿಗೆಯಲ್ಲಿ. ಜೂನ್ ೧೯ರಿಂದ ೨೫ರ ನಡುವೆ ಬರುವ ಶುಕ್ರವಾರ ಅವರ ನಡುಬೇಸಿಗೆಯ ಹಬ್ಬ. ಪಟ್ಟಣದವರೆಲ್ಲ ಹಳ್ಳಿಯ ಮನೆಗಳಿಗೆ ಹೋಗುತ್ತಾರೆ. ಹೂವು, ಎಲೆ ಕಟ್ಟಿದ ಎತ್ತರದ ಕಂಬ ನಿಲ್ಲಿಸಿ ಅದರ ಸುತ್ತ ಅಜ್ಜ ಮೊಮ್ಮಕ್ಕಳೆಂಬ ಭೇದವಿಲ್ಲದೆ ಕಪ್ಪೆಗಳ ಹಾಗೆ ಕುಪ್ಪಳಿಸಿ ಕುಣಿಯುತ್ತಾರೆ. ಉಪ್ಪು ಹುಳಿಯಲ್ಲಿ ನೆನೆಸಿದ ಮೀನು, ಹೊಸ ಬಟಾಟೆ, ಸ್ಟ್ರಾಬೆರಿ ಹಣ್ಣು ಅಂದಿನ ಊಟ. ಅಂಥ ಕೂಟಕ್ಕೆ ಹತ್ತು ಬಾಟ್ಲಿ ಹೊರುವುದಕ್ಕಿಂತ ಎರಡು ಪೆಟ್ಟಿಗೆ ಒಯ್ಯುವುದು ಸುಲಭ ಎಂಬುದು ಯಾರಿಗಾದರೂ ತಿಳಿಯುವಂಥದ್ದು.

ವೈನಿನ ತವರುಗಳೂ ನಿಧಾನವಾಗಿ ಒಪ್ಪಿದವು. ಇಟಲಿಯಲ್ಲಿ ಊರಿನ ಹೆಸರಿನ ರಕ್ಷಣೆ ಇರುವ ಕೆಲವು ವೈನುಗಳನ್ನು ಪೆಟ್ಟಿಗೆಯಲ್ಲಿ ಮಾರಲು ೨೦೦೮ರಲ್ಲಿ ಸರಕಾರ ಅನುಮತಿ ನೀಡಿತು. ಫ್ರಾನ್ಸಿನ ಅಂಗಡಿಗಳಲ್ಲಿ ಬೇಸಿಗೆ ಬಂತೆಂದರೆ ನಸುಗೆಂಪು ವೈನಿನ ೩ ಲೀಟರ್, ೫ ಲೀಟರ್ ಪೆಟ್ಟಿಗೆಗಳ ಸಾಲು. ೨೦೨೨ರಲ್ಲಿ ಕ್ಯಾಲಿಫೋರ್ನಿಯದ ತಾಬ್ಲಾಸ್ ಕ್ರೀಕ್ ಎಂಬ ಹೆಸರಾಂತ ತೋಟದವರು ೩ ಲೀಟರಿನ ಒಂದು ಪೆಟ್ಟಿಗೆಗೆ ೯೫ ಡಾಲರ್ ಬೆಲೆಯಿಟ್ಟು ಮಾರಾಟಕ್ಕೆ ಬಿಟ್ಟರು. ಕೆಲವೇ ಗಂಟೆಗಳಲ್ಲಿ ಎಲ್ಲವೂ ಮುಗಿದುಹೋಯಿತು. ಅಗ್ಗಕ್ಕೆ ಇನ್ನೊಂದು ಹೆಸರಾಗಿದ್ದ ಪೆಟ್ಟಿಗೆಗೆ ಆ ಬೆಲೆ ಸಿಕ್ಕಿದ್ದು ಕಾಲ ಬದಲಾದುದರ ಗುರುತು.

ಈ ಮರ್ಯಾದೆ ಬರಿಯ ಫ್ಯಾಶನ್ನಿನದಲ್ಲ, ಅದಕ್ಕೆ ನ್ಯಾಯವಾದ ಆಧಾರವೂ ಇದೆ. ಮುಕ್ಕಾಲು ಲೀಟರಿನ ಖಾಲಿ ಗಾಜಿನ ಬಾಟ್ಲಿಯೊಂದು ಸುಮಾರು ಅರ್ಧ ಕಿಲೊ ತೂಗುತ್ತದೆ. ಮೂರು ಲೀಟರಿಗೆ ನಾಲ್ಕು ಬಾಟ್ಲಿ, ಅಂದರೆ ಎರಡು ಕಿಲೊ ಗಾಜು. ಅಷ್ಟನ್ನೇ ಹಿಡಿಯುವ ರಟ್ಟು, ಚೀಲ, ನಲ್ಲಿ ಎಲ್ಲ ಸೇರಿ ಇನ್ನೂರು ಗ್ರಾಮಿನ ಆಸುಪಾಸು. ಗಾಜು ಕರಗಿಸಲು ೧,೫೦೦ ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣತೆಯ ಕುಲುಮೆ ಬೇಕು. ಆಮೇಲೆ ಆ ಭಾರವನ್ನು ಹಡಗು, ಲಾರಿಗಳಲ್ಲಿ ಹೊರಬೇಕು. ಭೂಮಿಯ ಬಿಸಿ ಏರುತ್ತಿರುವ ಈ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಪೆಟ್ಟಿಗೆಯ ರಟ್ಟು ಮತ್ತೆ ಕಾಗದವಾಗುತ್ತದೆ. ಚೀಲ ಮಾತ್ರ ಹಲವು ಪದರಗಳದ್ದಾದ್ದರಿಂದ ಮರುಬಳಕೆಗೆ ಕಷ್ಟ ಎಂಬ ಕೊರತೆಯನ್ನು ಮುಚ್ಚಿಡಬಾರದು.

ಮನೆಯ ಅನುಕೂಲವೂ ಇದೆ. ಗಂಡಹೆಂಡಿರಲ್ಲಿ ಒಬ್ಬರೇ ಕುಡಿಯುವವರಾದರೆ ಬಾಟ್ಲಿ ಕೆಡುತ್ತದೆಂದು ಅವಸರದಲ್ಲಿ ಮುಗಿಸಬೇಕಾಗಿಲ್ಲ. ಅಜ್ಜಿಗೆ ಊಟದ ಜತೆ ಅರ್ಧ ಗ್ಲಾಸು ಸಾಕೆಂದಾದರೆ ಅರ್ಧ ಗ್ಲಾಸನ್ನೇ ತೆಗೆಯಬಹುದು. ಸಮುದ್ರ ತೀರದಲ್ಲಿ, ನದಿಯ ದಂಡೆಯಲ್ಲಿ ಬರಿಗಾಲಲ್ಲಿ ಓಡುವ ಮಕ್ಕಳ ಕಾಲಿಗೆ ಗಾಜಿನ ಚೂರು ಚುಚ್ಚುವ ಭಯವಿಲ್ಲ. ಇಷ್ಟನ್ನು ಒಪ್ಪಲೇಬೇಕು.

ಕಾಣದ ಅಳತೆ

ಆದರೆ ಬಾಟ್ಲಿಗೆ ಇರುವ ಒಂದು ಗುಣ ಪೆಟ್ಟಿಗೆಗೆ ಇಲ್ಲ. ಬಾಟ್ಲಿ ಪಾರದರ್ಶಕ. ಎಷ್ಟಿತ್ತು, ಎಷ್ಟು ಉಳಿಯಿತು ಎಂಬುದು ಮನೆಯವರಿಗೆಲ್ಲ ಕಾಣುತ್ತದೆ. ಖಾಲಿಯಾದಾಗ ಇನ್ನೊಂದನ್ನು ತೆರೆಯಬೇಕೆ ಎಂದು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಪೆಟ್ಟಿಗೆಯಲ್ಲಿ ಆ ಕ್ಷಣವೇ ಬರುವುದಿಲ್ಲ. ಬೇಸಿಗೆಯ ದೀರ್ಘ ಮಧ್ಯಾಹ್ನದಲ್ಲಿ ಮಾತಿನ ಮಧ್ಯೆ ಹೋಗಿ ನಲ್ಲಿ ತಿರುಗಿಸಿ ಬರುವವರಿಗೆ ತಮ್ಮದು ಎರಡನೆಯದೋ ಐದನೆಯದೋ ನೆನಪಿರುವುದಿಲ್ಲ.

ತರಗತಿಯಲ್ಲಿ ನಾವು ಪ್ರತಿಶತ ಲೆಕ್ಕ ಕಲಿಸುವ ರೀತಿಯಲ್ಲೇ ಇದನ್ನೂ ಮಾಡಿ ನೋಡಬಹುದು. ನೂರಕ್ಕೆ ೧೨ ಪಾಲು ಮದ್ಯಸಾರ ಇರುವ ವೈನ್ ೩ ಲೀಟರ್ ಇದೆ ಎಂದಿಟ್ಟುಕೊಳ್ಳೋಣ. ಶುದ್ಧ ಮದ್ಯಸಾರ ೩೬೦ ಮಿಲಿಲೀಟರ್. ತೂಕದಲ್ಲಿ ಸುಮಾರು ೨೮೪ ಗ್ರಾಮ್. ಆಸ್ಟ್ರೇಲಿಯದಲ್ಲಿ ೧೦ ಗ್ರಾಮ್ ಮದ್ಯಸಾರಕ್ಕೆ ‘ಒಂದು ಅಳತೆ’ ಎಂದು ಲೆಕ್ಕ. ಹಾಗಾದರೆ ಒಂದು ಪೆಟ್ಟಿಗೆಯಲ್ಲಿ ೨೮ ಅಳತೆ. ಒಂದು ಬಾಟ್ಲಿಯಲ್ಲಿ ಸುಮಾರು ೭. ನಾಲ್ಕು ಮಂದಿ ದೊಡ್ಡವರು ಒಂದು ಭಾನುವಾರ ಒಂದು ಪೆಟ್ಟಿಗೆ ಮುಗಿಸಿದರೆಂದರೆ ತಲೆಗೆ ಏಳೇಳು ಅಳತೆ, ಅಂದರೆ ಪ್ರತಿಯೊಬ್ಬರೂ ಒಂದೊಂದು ಇಡೀ ಬಾಟ್ಲಿ ಕುಡಿದ ಹಾಗಾಯಿತು. ಬಾಟ್ಲಿಯನ್ನೇ ಎದುರಿಗಿಟ್ಟುಕೊಂಡಿದ್ದರೆ ಅವರಲ್ಲಿ ಎಷ್ಟು ಮಂದಿ ಹಾಗೆ ಮಾಡುತ್ತಿದ್ದರು? ಮದ್ಯಪಾನದಲ್ಲಿ ಆರೋಗ್ಯಕ್ಕೆ ಸುರಕ್ಷಿತವೆಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರ ಜನವರಿಯಲ್ಲಿ ಸಾರಿ ಹೇಳಿದೆ. ಪೆಟ್ಟಿಗೆಗೆ ಸಲ್ಲುವ ಹೊಗಳಿಕೆ ಒಳಗಿನ ಮದ್ಯಕ್ಕೂ ಸಲ್ಲುತ್ತದೆಂದು ಭಾವಿಸುವುದು ಈ ಕಾರಣದಿಂದ ಅಪಾಯದ ಮಾತು.

ಆಲಿಸ್ ಸ್ಪ್ರಿಂಗ್ಸ್‌ನ ಕಥೆ

ಪೆಟ್ಟಿಗೆ ಹುಟ್ಟಿದ ಆಸ್ಟ್ರೇಲಿಯದಲ್ಲೇ ಇದರ ಇನ್ನೊಂದು ಮುಖವೂ ಇದೆ. ದೇಶದ ನಟ್ಟನಡುವೆ ಮರುಭೂಮಿಯಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣ. ಸುತ್ತಮುತ್ತ ಮೂಲನಿವಾಸಿಗಳ ಊರುಗಳು. ನೆಲ ಕಳೆದುಕೊಂಡು, ಕೆಲಸವಿಲ್ಲದೆ, ಬಡತನದಲ್ಲಿ ಬೆಂದ ಆ ಕುಟುಂಬಗಳ ಪಾಲಿಗೆ ಪೆಟ್ಟಿಗೆಯ ವೈನ್ ಬಂದದ್ದು ಹಬ್ಬದ ಪಾನೀಯವಾಗಿ ಅಲ್ಲ, ಅತ್ಯಂತ ಅಗ್ಗದ ಅಮಲಾಗಿ. ಇದರ ಹಿಂದೆ ತೆರಿಗೆಯ ಕೈವಾಡವೂ ಇದೆ. ೨೦೦೦ದಿಂದ ಆ ದೇಶದಲ್ಲಿ ವೈನಿಗೆ ತೆರಿಗೆ ಹಾಕುವುದು ಅದರ ಬೆಲೆಯ ಮೇಲೆ, ಅದರಲ್ಲಿರುವ ಮದ್ಯಸಾರದ ಮೇಲೆ ಅಲ್ಲ. ಬೆಲೆ ಕಡಮೆಯಾದಷ್ಟು ತೆರಿಗೆಯೂ ಕಡಮೆ. ಹೀಗಾಗಿ ದೊಡ್ಡ ಪೆಟ್ಟಿಗೆಯ ಕೀಳು ವೈನ್ ಎಲ್ಲಕ್ಕಿಂತ ಅಗ್ಗವಾಯಿತು.

ಇದರ ವಿರುದ್ಧ ಮೊದಲು ಎದ್ದವರಲ್ಲಿ ಅಲ್ಲಿನ ತಾಯಂದಿರಿದ್ದರು. ೧೯೮೦ರಲ್ಲಿ ಹುಟ್ಟಿದ ಎನ್.ಪಿ.ವೈ. ಮಹಿಳಾ ಮಂಡಳಿ ತಮ್ಮ ಊರುಗಳಿಗೆ ಮದ್ಯ ಬರುವುದನ್ನು ತಡೆಯಲು ವರ್ಷಗಟ್ಟಲೆ ಹೋರಾಡಿತು. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ೨೦೦೨ರಲ್ಲಿ ಎರಡು ಲೀಟರಿಗಿಂತ ದೊಡ್ಡ ಪೆಟ್ಟಿಗೆಗಳ ಮಾರಾಟವನ್ನು ಪರೀಕ್ಷಾರ್ಥವಾಗಿ ನಿಲ್ಲಿಸಿದರು. ಕುಡಿಯುವವರು ಇನ್ನೂ ತೀಕ್ಷ್ಣವಾದ ಪೋರ್ಟ್ ವೈನಿನ ಎರಡು ಲೀಟರ್ ಪೆಟ್ಟಿಗೆಗಳಿಗೆ ತಿರುಗಿದರು. ಗಾತ್ರ ಒಂದನ್ನೇ ತಡೆದರೆ ಸಾಲದು ಎಂಬ ಪಾಠ ಅದರಿಂದ ಸಿಕ್ಕಿತು. ಕೊನೆಗೆ ೨೦೧೮ರ ಅಕ್ಟೋಬರಿನಲ್ಲಿ ಆ ಪ್ರಾಂತದ ಸರಕಾರ, ಯಾವ ಮದ್ಯವೇ ಆಗಲಿ, ೧೦ ಗ್ರಾಮಿನ ಒಂದು ಅಳತೆಗೆ ೧ ಡಾಲರ್ ೩೦ ಸೆಂಟಿಗಿಂತ ಕಡಮೆಗೆ ಮಾರಬಾರದೆಂದು ಕಾನೂನು ಮಾಡಿತು. ಮೊದಲ ವರ್ಷದಲ್ಲೇ ಪೆಟ್ಟಿಗೆಯ ವೈನಿನ ಬಳಕೆ ಸುಮಾರು ಅರ್ಧಕ್ಕೆ ಇಳಿಯಿತು. ೨೦೨೫ರಲ್ಲಿ ಹೊಸದಾಗಿ ಬಂದ ಸರಕಾರ ಆ ಕಾನೂನನ್ನು ತೆಗೆದುಹಾಕಿತು.

ಸ್ವೀಡನ್ನಿನ ಪೆಟ್ಟಿಗೆಗೂ ಆಲಿಸ್ ಸ್ಪ್ರಿಂಗ್ಸ್‌ನ ಪೆಟ್ಟಿಗೆಗೂ ರಟ್ಟಿನಲ್ಲಿ, ನಲ್ಲಿಯಲ್ಲಿ ವ್ಯತ್ಯಾಸವಿಲ್ಲ. ಸುತ್ತ ಇರುವ ವ್ಯವಸ್ಥೆ ಬೇರೆ. ಸ್ವೀಡನ್ನಿನಲ್ಲಿ ಇಪ್ಪತ್ತು ವರ್ಷ ತುಂಬದವರಿಗೆ ಸರಕಾರೀ ಅಂಗಡಿಯಲ್ಲಿ ಮದ್ಯ ಕೊಡುವುದಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ನಡುಬೇಸಿಗೆಯ ಹಬ್ಬದ ಶುಕ್ರವಾರವೂ ಮುಚ್ಚಿರುತ್ತದೆ. ಎರಡು ಕೊಂಡರೆ ಒಂದು ಪುಕ್ಕಟೆ ಎಂಬ ಆಮಿಷವಿಲ್ಲ. ಅಲ್ಲಿ ಕುಡಿತದ ತೊಂದರೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಪೆಟ್ಟಿಗೆಗೆ ಒಂದು ಬೇಲಿ ಇದೆ. ಅದರ ಮರ್ಯಾದೆಯಲ್ಲಿ ಅರ್ಧ ಪಾಲು ಆ ಬೇಲಿಗೆ ಸೇರಬೇಕು.

ನಮ್ಮ ಅಂಗಳದಲ್ಲಿ

ಇನ್ನು ನಮ್ಮ ಕಡೆಗೆ ಬರೋಣ. ಈ ಚೀಲದ ವಿದ್ಯೆ ನಮ್ಮವರಿಗೆ ಬೇರೆ ದಾರಿಯಿಂದ ಬಂದಿದೆ. ಹೊಸೂರು ಸೇರಿರುವ ಕೃಷ್ಣಗಿರಿ ಜಿಲ್ಲೆಯಲ್ಲಿ ತೋತಾಪುರಿ ಮಾವಿನ ತಿರುಳನ್ನು ಕ್ರಿಮಿ ಸೇರದ ದೊಡ್ಡ ಚೀಲಗಳಲ್ಲಿ ತುಂಬಿ, ಚೀಲವನ್ನು ಡ್ರಮ್ಮಿನಲ್ಲಿಟ್ಟು ಹೊರದೇಶಗಳಿಗೆ ಕಳುಹಿಸುತ್ತಾರೆ. ಒಂದೊಂದು ಡ್ರಮ್ಮಿನಲ್ಲಿ ಇನ್ನೂರು ಕಿಲೊಗೂ ಹೆಚ್ಚು. ಇಂಥ ಸಗಟು ಸಂರಕ್ಷಣೆಯ ವಿಧಾನವನ್ನು ಬೆಳೆಸಿದ ಅಮೇರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ನೆಲ್ಸನ್ ಅವರಿಗೆ ೨೦೦೭ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಹಣ್ಣು ಕೊಳೆಯದ ಹಾಗೆ ಉಳಿಸಿ ರೈತನ ಕೈಗೆ ಕಾಸು ಕೊಡಿಸಿದ್ದೂ ಚೀಲವೇ.

ಮನೆ ಹಾಳು ಮಾಡಿದ್ದೂ ಚೀಲವೇ. ಕೇರಳದಲ್ಲಿ ೧೯೯೬ರ ಎಪ್ರಿಲಿನಿಂದ ಸಾರಾಯಿ ನಿಷೇಧವಾಯಿತು. ಕರ್ನಾಟಕದಲ್ಲಿ ೨೦೦೭ರ ಜುಲೈ ವರೆಗೂ ಪ್ಲಾಸ್ಟಿಕ್ ಪ್ಯಾಕೆಟಿನ ಸಾರಾಯಿ ನಡೆಯುತ್ತಿತ್ತು. ಬಾಟ್ಲಿಯಾದರೆ ಒಡೆಯುತ್ತದೆ, ಸದ್ದು ಮಾಡುತ್ತದೆ. ಪ್ಯಾಕೆಟ್ ಸೊಂಟದ ಮಡಿಕೆಯಲ್ಲಿ ಅಡಗುತ್ತದೆ. ದಿನಗೂಲಿಯ ಚಿಲ್ಲರೆಗೆ ತಕ್ಕ ಗಾತ್ರದಲ್ಲಿ ಸಿಕ್ಕಿದ್ದೇ ಅದರ ಬಲ. ಇಂದು ಅದರ ಸ್ಥಾನದಲ್ಲಿ ೯೦, ೧೮೦ ಮಿಲಿಲೀಟರಿನ ಕಾಗದದ ಪೊಟ್ಟಣಗಳು ಬಂದಿವೆ. ಕೇರಳದಲ್ಲಿ ಮದ್ಯದ ತೆರಿಗೆ ಹೆಚ್ಚು, ಗಡಿಯಾಚೆ ಬೆಲೆ ಕಡಮೆ. ಮಂಜೇಶ್ವರದ ಕಡೆಯಿಂದ ಸಾಗಿಸುತ್ತಿದ್ದ ಪೊಟ್ಟಣಗಳನ್ನು ಅಬಕಾರಿಯವರು ಹಿಡಿದ ಸುದ್ದಿ ಇಲ್ಲಿನ ಓದುಗರಿಗೆ ಹೊಸತಲ್ಲ. ಅಲ್ಲಿ ಮೂರು ಲೀಟರಿನ ಪೆಟ್ಟಿಗೆ, ಇಲ್ಲಿ ಅಂಗೈಯಗಲದ ಪೊಟ್ಟಣ. ಒಂದು ಅಳತೆಯನ್ನು ಅಡಗಿಸುತ್ತದೆ, ಇನ್ನೊಂದು ಕುಡಿಯುವವನನ್ನೇ ಅಡಗಿಸುತ್ತದೆ.

ವೈನ್ ಎಂಬ ಹೆಸರಿಗೆ ಈಗ ನಮ್ಮ ದೇಶದಲ್ಲೂ ಒಂದು ಬಗೆಯ ಮಾನ್ಯತೆ ಬರುತ್ತಿದೆ. ದ್ರಾಕ್ಷಿ ಬೆಳೆಗಾರರಿಗೆ ಆಧಾರವಾಗಲೆಂದು ಕರ್ನಾಟಕ ಸರಕಾರ ೨೦೦೭ರಲ್ಲಿ ವೈನ್ ನೀತಿಯನ್ನು ತಂದಿತು. ಜತ್ತ, ಸೊಲ್ಲಾಪುರದ ಕನ್ನಡಿಗ ರೈತರಿರುವ ಮಹಾರಾಷ್ಟ್ರದಲ್ಲಿ, ದೊಡ್ಡ ದಿನಸಿ ಅಂಗಡಿಗಳಲ್ಲೂ ವೈನ್ ಮಾರಬಹುದೆಂದು ೨೦೨೨ರ ಜನವರಿಯಲ್ಲಿ ಮಂತ್ರಿಮಂಡಲ ತೀರ್ಮಾನಿಸಿತು. ವಿರೋಧ ಎದ್ದುದರಿಂದ ಅದು ಜಾರಿಗೆ ಬರಲಿಲ್ಲ. ಅದೇ ವರ್ಷ ಕೇರಳ ಸರಕಾರ ಹಣ್ಣುಹಂಪಲುಗಳಿಂದ ವೈನ್ ತಯಾರಿಸುವ ಸಣ್ಣ ಘಟಕಗಳಿಗೆ ನಿಯಮಗಳನ್ನು ಮಾಡಿತು. ಬೀಜ ಕಿತ್ತುಕೊಂಡ ಮೇಲೆ ಗೇರುಹಣ್ಣು ನಮ್ಮ ಗುಡ್ಡಗಳಲ್ಲಿ ಮರದ ಬುಡದಲ್ಲೇ ಕೊಳೆಯುತ್ತದೆ. ಅದಕ್ಕೊಂದು ಬೆಲೆ ಬಂದರೆ ಬೆಳೆಗಾರನಿಗೆ ಒಳ್ಳೆಯದೇ. ಆದರೆ ಅದು ಬಾಟ್ಲಿಯಲ್ಲಿ ಬರುವುದೋ ಪೆಟ್ಟಿಗೆಯಲ್ಲಿ ಬರುವುದೋ ಪೊಟ್ಟಣದಲ್ಲಿ ಬರುವುದೋ, ಯಾವ ಬೆಲೆಗೆ, ಯಾವ ವಯಸ್ಸಿನವರ ಕೈಗೆ ಬರುವುದೋ ಎಂಬ ಪ್ರಶ್ನೆಯನ್ನು ಅಂಗಡಿ ತೆರೆಯುವ ಮೊದಲೇ ಕೇಳಬೇಕು. ತೆರೆದ ಮೇಲೆ ಕೇಳಿದರೆ ಉತ್ತರ ಸಿಗುವುದಿಲ್ಲ.

ಮನೆಯವರು ಮಾಡಬಹುದಾದದ್ದು

ಕುಡಿಯದ ಮನೆಗಳು ಕುಡಿಯದೆಯೇ ಇರಲಿ. ಅದರಲ್ಲಿ ಹಳ್ಳಿಗರೆಂಬ ಕೀಳರಿಮೆ ಬೇಡ. ಹೊರದೇಶದಲ್ಲಿರುವ ಮಗನೋ ಮಗಳೋ ಸ್ನೇಹಿತರ ಬೇಸಿಗೆಯ ಕೂಟದಲ್ಲಿ ಬೇಡವೆಂದು ಹೇಳಿದರೆ ಅಲ್ಲಿ ಯಾರೂ ಒತ್ತಾಯ ಮಾಡಲಾರರು ಎಂಬ ಧೈರ್ಯವನ್ನು ತಂದೆತಾಯಂದಿರು ಕೊಡಬೇಕು. ಕುಡಿಯುವವರಾದರೆ ಅವರೊಡನೆ ಸಿಟ್ಟಿನ ಮಾತಿಗಿಂತ ಲೆಕ್ಕದ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪೆಟ್ಟಿಗೆ ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡುವುದು, ನಲ್ಲಿಯಿಂದ ನೇರ ಗ್ಲಾಸಿಗೆ ಹಿಡಿಯದೆ ಅಂದಿಗೆ ಇಷ್ಟೇ ಎಂದು ಒಂದು ಗಾಜಿನ ಹೂಜಿಗೆ ತೆಗೆದು ಪೆಟ್ಟಿಗೆಯನ್ನು ಒಳಗಿಡುವುದು, ಮಕ್ಕಳ ಕೈಗೆ ನಲ್ಲಿ ಎಟುಕದ ಎತ್ತರದಲ್ಲಿಡುವುದು, ವಾಹನ ನಡೆಸುವವರು ಅಂದು ಅದನ್ನು ಮುಟ್ಟದಿರುವುದು ಇವು ಸಣ್ಣ ಕ್ರಮಗಳು. ಆದರೆ ಪೆಟ್ಟಿಗೆ ಅಡಗಿಸಿದ ಅಳತೆಯನ್ನು ಇವು ಮತ್ತೆ ಕಣ್ಣೆದುರಿಗೆ ತರುತ್ತವೆ.

ಮೊದಲು ನಮ್ಮ ಹಳ್ಳಿಗಳಲ್ಲಿ ಹಾಲನ್ನೂ ಕಳ್ಳನ್ನೂ ಅಳೆಯಲು ಕುಡ್ತೆ ಎಂಬ ಪುಟ್ಟ ಅಳತೆ ಇತ್ತು. ಮಗುವಿಗೆ ಎಷ್ಟು ಕುಡ್ತೆ ಹಾಲು ಎಂದು ತಾಯಿಗೆ ತಿಳಿದಿತ್ತು. ಗಂಡ ಎಷ್ಟು ಕುಡ್ತೆ ಕಳ್ಳು ಕುಡಿದು ಬಂದನೆಂಬುದೂ ಅವಳಿಗೆ ತಿಳಿಯದೆ ಹೋಗುತ್ತಿರಲಿಲ್ಲ. ಪಾತ್ರೆ ಯಾವುದೇ ಬರಲಿ, ಆ ತಿಳಿವಳಿಕೆ ಮನೆಯೊಳಗೆ ಉಳಿದಿರಬೇಕು.